ವಾಷರು

ಬೆಳಿಗ್ಗೆ ಆರೂವರೆ. ವಾದಿ ಕಬೀರಿನ ಬೋಳು ಗುಡ್ಡಗಳು
ಇನ್ನೂ ಕಾವಲಿಯಂತೆ ಕಾದಿರಲಿಲ್ಲ,
ಖಲ್ಫಾನನ ಟ್ಯಾಕ್ಸಿ ಬಂತು.
ತೊಂಬತ್ತೇಳರ ಕೊರೊಲ್ಲ. ಬಿಳಿ ಮೈ, ಕಿತ್ತಳೆ ಪಕ್ಕೆ,
ಆರು ಲಕ್ಷ ಎಣಿಸಿ ಸಾಕಾಗಿ ನಿಂತುಬಿಟ್ಟ ಮೀಟರು.

"ಕಿರುಚ್ತದೆ ಸದೀಕ್," ಅಂದ. "ಮತ್ರಾದಲ್ಲಿ
ಮೀನು ಕೊಳ್ಳುವವರೆಲ್ಲ ತಿರುಗಿ ನೋಡ್ತಾರೆ.
ಹೊಸ ಬೆಲ್ಟು ಹಾಕಿಸಿ ಹತ್ತು ದಿನ ಆಗಿಲ್ಲ."

ಬಾನೆಟ್ಟು ಎತ್ತಿದೆ. ಇಂಜಿನು ಓಡುತ್ತಿತ್ತು.
ಮೂರು ಬೆಲ್ಟೂ ಮೂರು ದಿಕ್ಕಿಗೆ ಸರಿಯಾಗೇ ಸುತ್ತುತ್ತಿದ್ದವು.
ನನಗೆ ಏನೂ ಕೇಳಲಿಲ್ಲ.

ಇದನ್ನು ಯಾರಿಗೂ ಹೇಳಿಲ್ಲ ನಾನು.
ಇಪ್ಪತ್ತಾರು ವರ್ಷ ಏರ್ ಗನ್ನಿನ ಪಕ್ಕ ನಿಂತ ಕಿವಿ,
ಲುಂಗಿಯ ಹಾಗೆ, ಅಂಚಿನಿಂದ ಸವೆಯುತ್ತ ಬಂದಿದೆ.
ಮೊದಲು ಹೋದದ್ದು ಕುಕ್ಕರಿನ ಸೀಟಿ.
ಆಮೇಲೆ ಸೊಳ್ಳೆ, ಅದು ಲಾಭವೇ.
ಆಮೇಲೆ ಫೋನಿನಲ್ಲಿ ಮಗಳ ಮಾತಿನೊಳಗಿನ ಸಕಾರ ಶಕಾರ,
ಅವಳು ಪಾಸಾದಳೋ ಪಾಪಾ ಅಂದಳೋ
ಗೊತ್ತಾಗದೆ ನಕ್ಕುಬಿಟ್ಟಿದ್ದೇನೆ ಎರಡಕ್ಕೂ.
ದಪ್ಪ ಸದ್ದು ಎಲ್ಲ ಇದೆ. ಲಾರಿ ಇದೆ, ಅರಬಾಬನ ಬೈಗುಳ ಇದೆ,
ಗಂಗೊಳ್ಳಿಯ ದೋಣಿ ಇಂಜಿನ್ನಿನ ಡಬಡಬ
ನಿದ್ದೆಯಲ್ಲೂ ಇದೆ.

ಹಾಗಾಗಿ ನಾನು ಬೆಲ್ಟು ನೋಡುವುದಿಲ್ಲ,
ಗಿರಾಕಿಯ ಮುಖ ನೋಡುತ್ತೇನೆ.

ಶೊಹಾಗನನ್ನು ಒಳಗೆ ಕೂರಿಸಿದೆ, ಖಲ್ಫಾನನನ್ನು ಎದುರಿಗೆ ನಿಲ್ಲಿಸಿದೆ.
ಎಸಿ ಹಾಕು. ಹಣೆ ಹಾಗೇ ಇತ್ತು.
ಸ್ಟೇರಿಂಗು ಕೊನೆತನಕ ತಿರುಗಿಸು. ಗಡ್ಡ ಕದಲಲಿಲ್ಲ.
ಲೈಟು ಹಾಕು, ಬ್ಲೋವರು ಹಾಕು, ಹಿಂದಿನ ಗಾಜಿನ ಹೀಟರೂ ಹಾಕು,
ಮಸ್ಕತ್ತಿನಲ್ಲಿ ಹುಟ್ಟಿದವರು ಯಾರೂ ಒತ್ತದ ಗುಂಡಿ ಅದು.
ಖಲ್ಫಾನನ ಎಡಗಣ್ಣು
ಹುಣಸೆ ಕಚ್ಚಿದವನಂತೆ ಮುದುಡಿತು.

ಆಲ್ಟರ್ನೇಟರು.

ಬಾಟಲಿ ನೀರು ಚಿಮುಕಿಸಿದೆ ಬೆಲ್ಟಿನ ಒಳಮೈಗೆ.
ಕಣ್ಣು ತೆರೆಯಿತು. ನಾಲ್ಕು ಉಸಿರು. ಮತ್ತೆ ಮುದುಡಿತು.
ನೀರು ಬಿದ್ದು ಸದ್ದು ಏರಿದರೆ ಬೆಲ್ಟು ಸಡಿಲ,
ನೀರು ಬಿದ್ದು ತಣ್ಣಗಾಗಿ ಮತ್ತೆ ಶುರುವಾದರೆ
ಎಲ್ಲೋ ಒಂದು ಗಾಲಿ ಓರೆ.
ಹೀಗಂತ ಕಲಿಸಿದವ ಕೊಲ್ಲಂ ಕಡೆಯ ಔಸೇಪ್.
ಅವನೂ ಆಗ ನನ್ನ ಮುಖವನ್ನೇ ನೋಡುತ್ತಿದ್ದ.
ಶ್ರದ್ಧೆ ಇದೆಯೋ ಇಲ್ಲವೋ ನೋಡುತ್ತಾನೆ ಅಂದುಕೊಂಡಿದ್ದೆ.

ಇಂಜಿನು ನಿಲ್ಲಿಸಿ ಉಕ್ಕಿನ ಅಡಿಪಟ್ಟಿ ಇಟ್ಟೆ ಗಾಲಿಯಿಂದ ಗಾಲಿಗೆ.
ಅಲ್ಲಿತ್ತು: ಅಕ್ಕಿಕಾಳು ತೂರುವಷ್ಟು ಬೆಳಕು.
ಬ್ರಾಕೆಟ್ಟಿನ ಹಿಂದೆ ಒಂದು ವಾಷರು ಇರಬೇಕಿತ್ತು,
ಹೊಸ ಬೆಲ್ಟು ಹಾಕಿದ ಪುಣ್ಯಾತ್ಮ ಬೀಳಿಸಿಕೊಂಡು
ಹುಡುಕದೆ ಬೋಲ್ಟು ಬಿಗಿದಿದ್ದಾನೆ.
ಕೆಳತಟ್ಟೆಯ ಕಪ್ಪು ಜಿಡ್ಡಿನಲ್ಲಿ ಬೆರಳಾಡಿಸಿದೆ,
ಪಾಯಸದ ತಳದಲ್ಲಿ ಗೋಡಂಬಿ ಸಿಕ್ಕಿದ ಹಾಗೆ
ಸಿಕ್ಕಿತು.

ಮತ್ತೆ ಸ್ಟಾರ್ಟು. ಲೈಟು, ಬ್ಲೋವರು, ಆ ಹೀಟರು.
ಖಲ್ಫಾನನ ಕಣ್ಣು ಮುದುಡಿತು.

ಪಾನಾಕ್ಕೆ ಕೈ ಹಾಕಿದೆ. ಅಡಿಪಟ್ಟಿ ತೆಗೆದೆ.
ಎಲ್ಲಿ ತಪ್ಪಿತು, ಯಾವ ಗಾಲಿ, ಬೇರಿಂಗೇ ಹೋಗಿದೆಯೇ,
ಬೆವರು ರೆಪ್ಪೆ ದಾಟಿತು.
ಅವನು ನನ್ನ ಮಣಿಕಟ್ಟು ಹಿಡಿದ.

"ಸದ್ದಿಲ್ಲ. ಪೂರಾ ಸುಮ್ಮನಿದೆ.
ನಾನೇ ಮುಖ ಹಿಂಡಿದೆ.
ಯಾವ ಕಿವಿ?"

"ಎರಡೂ," ಅಂದೆ.

ಶೊಹಾಗ್ ಸ್ಟೇರಿಂಗಿನ ಹಿಂದೆ ಕೂತೇ ಇದ್ದ.
ಬಾನೆಟ್ಟು ಮರೆಯಾಗಿತ್ತು. ಕೇಳಿಸಿತೋ ಇಲ್ಲವೋ.

ಮೂರು ರಿಯಾಲು ಕೊಟ್ಟ, ಚಿಲ್ಲರೆ ಬೇಡ ಅಂದ.
ಗೇಟಿನ ತನಕ ಹೋದವ ರಿವರ್ಸು ಬಂದು ಗಾಜು ಇಳಿಸಿದ.
"ಹೀಗೆ ಕಿರುಚ್ತಿತ್ತು ನೋಡು," ಅಂತ
ಎಪ್ಪತ್ತರ ಗಂಟಲಿನಿಂದ, ತಗ್ಗಿನಲ್ಲಿ,
ಕ್ರೂಂ... ಕ್ರೂಂ... ಅಂತ ಮಾಡಿ ತೋರಿಸಿದ,
ಆ ಹುಬ್ಬು, ಆ ಎಡಗಣ್ಣು ಸಮೇತ.

ಅದು ಕೇಳಿಸಿತು.